ಆಳವಿಲ್ಲದ ನೀರಿನಲ್ಲಿ ಗೆಂಡೆಗೆ ಗಾಳ ಹಾಕುವ ಬಗೆ

ಬೆಂಗಳೂರಿನ ಸುತ್ತಮುತ್ತಲ ಕೆರೆಗಳಲ್ಲಿ ಗಾಳ ಹಾಕುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ದಡದ ಹತ್ತಿರ, ಮೊಣಕಾಲುದ್ದದ ನೀರಿನಲ್ಲಿ ಗೆಂಡೆ ಮೀನು ಓಡಾಡುವುದು ಕಣ್ಣಿಗೆ ಕಾಣುತ್ತದೆ, ಕೆಸರು ಕದಡುತ್ತದೆ, ಗುಳ್ಳೆಗಳು ಏಳುತ್ತವೆ, ಆದರೆ ಗಾಳ ನೀರಿಗೆ ಬಿದ್ದ ಮೇಲೆ ಒಂದು ಮೀನೂ ಸುಳಿಯುವುದಿಲ್ಲ. ಹಾಗಾದರೆ ಯಾವ ಎರೆ ಹಾಕಬೇಕು ಎಂಬುದು ಆ ಪ್ರಶ್ನೆ. ಎರೆ ಎಂದರೆ ಕೊಕ್ಕೆಗೆ ಸಿಕ್ಕಿಸುವ ತಿನಿಸು. ಅದರ ಬಗ್ಗೆ ಮುಂದೆ ವಿವರವಾಗಿಯೇ ಹೇಳುತ್ತೇನೆ, ಆದರೆ ಸೋಲಿನ ಕಾರಣ ಸಾಮಾನ್ಯವಾಗಿ ಎರೆಯಲ್ಲಿ ಇರುವುದಿಲ್ಲ. ಜಲಾಶಯದ ಆಳಕ್ಕೆಂದು ಜೋಡಿಸಿದ ದಪ್ಪ ದಾರ, ದೊಡ್ಡ ಸೀಸ ಮತ್ತು ಹಿಟ್ಟು ಮೆತ್ತಿದ ಸ್ಪ್ರಿಂಗನ್ನು ಎರಡಡಿ ನೀರಿಗೆ ಎಸೆದರೆ ಯಾವ ಎರೆಯೂ ಕೆಲಸ ಮಾಡುವುದಿಲ್ಲ. ಆಳವಿಲ್ಲದ ನೀರಿನಲ್ಲಿ ಸಲಕರಣೆಯಿಂದ ಏನೇನು ತೆಗೆದುಹಾಕಬಹುದು ಎಂದು ಯೋಚಿಸಬೇಕೇ ಹೊರತು ಏನೇನು ಸೇರಿಸಬಹುದು ಎಂದಲ್ಲ. ಈ ಲೇಖನದ ಎಲ್ಲ ಸಲಹೆಗಳೂ ಆ ಒಂದು ಮಾತಿನಿಂದಲೇ ಹೊರಟಿವೆ.

ಇಲ್ಲಿ ಆಳವಿಲ್ಲದ ನೀರು ಎಂದರೆ ಸುಮಾರು ಒಂದಡಿಯಿಂದ ನಾಲ್ಕಡಿಯವರೆಗಿನ ನೀರು.

ಮೊದಲು ಮೀನಿನ ಪರಿಚಯ

ನಮ್ಮ ಕೆರೆಗಳಲ್ಲಿ ಗೆಂಡೆ ಜಾತಿಯ ಹಲವು ಮೀನುಗಳಿವೆ, ಮತ್ತು ಅವೆಲ್ಲವೂ ಒಂದೇ ಮಟ್ಟದಲ್ಲಿ ಮೇಯುವುದಿಲ್ಲ. ಕಾಟ್ಲಾದ ಬಾಯಿ ಮೇಲ್ಮುಖವಾಗಿದ್ದು, ಅದು ಹೆಚ್ಚಾಗಿ ನೀರಿನ ಮೇಲ್ಪದರದಲ್ಲಿ ತಿನ್ನುತ್ತದೆ. ಅದಕ್ಕೆ ಮೀಸೆ ಇರುವುದಿಲ್ಲ. ರೋಹು ನಡುವಿನ ಪದರದ್ದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಹುಲ್ಲುಗೆಂಡೆ ಹೆಸರೇ ಹೇಳುವಂತೆ ಜಲಸಸ್ಯಗಳನ್ನು ತಿನ್ನುತ್ತದೆ, ಬ್ರೆಡ್ಡನ್ನೂ ಬಿಡುವುದಿಲ್ಲ. ಬೆಳ್ಳಿಗೆಂಡೆ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿನ್ನುವುದರಿಂದ ಅದಕ್ಕಾಗಿ ಗಾಳ ಹಾಕಿ ಕೂರುವುದು ವ್ಯರ್ಥ.

ದಡದಂಚಿನ ತೆಳುನೀರಿನಲ್ಲಿ ನಿಮಗೆ ಹೆಚ್ಚಾಗಿ ಎದುರಾಗುವುದು ಸಾಮಾನ್ಯ ಗೆಂಡೆ. ಇದು ಮೂಲತಃ ನಮ್ಮ ದೇಶದ ಮೀನಲ್ಲ. 1939ರಲ್ಲಿ ಶ್ರೀಲಂಕಾದಿಂದ ನೀಲಗಿರಿಗೆ ಒಂದು ತಳಿಯೂ, 1957ರಲ್ಲಿ ಬ್ಯಾಂಕಾಕಿನಿಂದ ಕಟಕ್‌ಗೆ ಇನ್ನೊಂದು ತಳಿಯೂ ಬಂದವು. ಬಯಲು ಸೀಮೆಯ ಬೆಚ್ಚನೆಯ ಕೆರೆಗಳಿಗೆ ಎರಡನೆಯ ತಳಿ ಹೊಂದಿಕೊಂಡಿತು. ಬಾಯಿಯ ಅಕ್ಕಪಕ್ಕ ಎರಡು ಜೊತೆ ಮೀಸೆಗಳಿದ್ದರೆ ಅದು ಸಾಮಾನ್ಯ ಗೆಂಡೆ ಎಂದು ಗುರುತಿಸಬಹುದು.

ಈ ಮೀನಿನ ಎರಡು ಗುಣಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದು, ಅದರ ದವಡೆಯಲ್ಲಿ ಹಲ್ಲುಗಳಿಲ್ಲ, ಹಲ್ಲುಗಳಿರುವುದು ಗಂಟಲಿನಲ್ಲಿ. ಆದುದರಿಂದ ಅದು ತಿನಿಸನ್ನು ಕಚ್ಚುವುದಿಲ್ಲ, ತುಟಿಗಳನ್ನು ಕೊಳವೆಯಂತೆ ಮುಂದೆ ಚಾಚಿ ಕೆಸರಿನೊಂದಿಗೆ ಒಳಕ್ಕೆ ಹೀರುತ್ತದೆ, ಬೇಡವೆನಿಸಿದ್ದನ್ನು ಕ್ಷಣದಲ್ಲಿ ಹೊರಕ್ಕೆ ಉಗುಳುತ್ತದೆ. ಕೊಕ್ಕೆ ಭಾರವಾಗಿದ್ದರೆ ಎರೆ ಒಳಹೋಗುವುದೇ ಇಲ್ಲ. ಎರಡನೆಯದು, ಗೆಂಡೆ ಕುಲದ ಎಲ್ಲ ಮೀನುಗಳಲ್ಲೂ ಗಾಳಿಚೀಲವನ್ನು ಒಳಕಿವಿಗೆ ಜೋಡಿಸುವ ಸಣ್ಣ ಮೂಳೆಗಳ ಸಾಲೊಂದಿದೆ. ಗಾಳಿಚೀಲವು ಸದ್ದಿಗೆ ಕಂಪಿಸುತ್ತದೆ, ಆ ಕಂಪನ ನೇರವಾಗಿ ಕಿವಿಗೆ ತಲುಪುತ್ತದೆ. ದಡದ ಮೇಲೆ ನೀವು ಧಪ್ಪೆಂದು ಇಟ್ಟ ಹೆಜ್ಜೆ, ಕಲ್ಲಿನ ಮೇಲೆ ಉರುಳಿಸಿದ ಡಬ್ಬಿ, ಇವು ಎರಡಡಿ ನೀರಿನಲ್ಲಿರುವ ಮೀನಿಗೆ ಸ್ಪಷ್ಟವಾಗಿ ಕೇಳಿಸುತ್ತವೆ. ಮಾತಾಡುವುದು ಅಷ್ಟು ಅಪಾಯವಲ್ಲ, ಏಕೆಂದರೆ ಗಾಳಿಯಲ್ಲಿ ಹುಟ್ಟಿದ ಸದ್ದು ನೀರಿನೊಳಕ್ಕೆ ಹೋಗುವುದು ಬಹಳ ಕಡಿಮೆ. ನೆಲದ ಮೂಲಕ ಹೋಗುವ ಕಂಪನವೇ ಶತ್ರು.

ಹಂತ 1: ಅನುಮತಿ

ಸಲಕರಣೆ ಕೊಳ್ಳುವ ಮುಂಚೆ ಇದನ್ನು ಮುಗಿಸಿಕೊಳ್ಳಿ. ರಾಜ್ಯದ ಕೆರೆ, ಹೊಳೆ, ಜಲಾಶಯಗಳಲ್ಲಿ ಮೀನು ಹಿಡಿಯುವುದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮದ ವ್ಯಾಪ್ತಿಗೆ ಬರುತ್ತದೆ. ಬಹಳಷ್ಟು ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಮರಿ ಬಿಟ್ಟು ಬೆಳೆಸಿದವರು ಅವರು. ನೀವು ಹಿಡಿಯುವ ಮೀನು ಅವರ ದುಡ್ಡು. ಆದ್ದರಿಂದ ಆ ಊರಿನಲ್ಲಿ ಕೆರೆ ಯಾರಿಗೆ ಗುತ್ತಿಗೆಯಾಗಿದೆ ಎಂದು ವಿಚಾರಿಸಿ, ಅವರನ್ನು ಕಂಡು, ಕೇಳಿ, ಕೇಳಿದಷ್ಟು ಕೊಟ್ಟು ಕುಳಿತುಕೊಳ್ಳುವುದೇ ಮರ್ಯಾದೆ. ನಗರದೊಳಗಿನ ಬೇಲಿ ಹಾಕಿದ ಕೆರೆಗಳಲ್ಲಿ ಮೀನು ಹಿಡಿಯಬಾರದೆಂಬ ಫಲಕವಿದ್ದರೆ ಅಲ್ಲಿ ವಾದ ಮಾಡುವುದಕ್ಕೆ ಏನೂ ಇಲ್ಲ.

ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯ ಹೊಳೆಯಲ್ಲಿ ಗಾಳ ಹಾಕುವ ಹಳೆಯ ದಿನಗಳು ಮುಗಿದಿವೆ, ಅಲ್ಲಿಗೆ ಗಾಳದ ಕೋಲು ಒಯ್ಯಬೇಡಿ. ಬೇರೆಡೆ ಕಾವೇರಿಯಲ್ಲಿ ಅನುಮತಿ ಪಡೆದು ಕುಳಿತಾಗ ಗೆಂಡೆಗೆಂದು ಹಾಕಿದ ಎರೆಗೆ ಮಹಶೀರ್ ಎಂಬ ಹೊಳೆಯ ದೊಡ್ಡ ಮೀನು ಸಿಕ್ಕಿದರೆ ಅದನ್ನು ನೀರಿನಿಂದ ಮೇಲೆತ್ತದೆಯೇ ಬಿಟ್ಟುಬಿಡಬೇಕು. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನಂಚಿನ ಮೀನುಗಳ ಜಾಗತಿಕ ಪಟ್ಟಿಯಲ್ಲಿ ಅತ್ಯಂತ ಗಂಭೀರ ದರ್ಜೆಯಲ್ಲಿದೆ.

ಹಂತ 2: ಜಾಗ ಮತ್ತು ಹೊತ್ತು

ನಮ್ಮ ಕೆರೆಗಳ ರಚನೆ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಏರಿಯ ಕಡೆ, ಅದರಲ್ಲೂ ತೂಬಿನ ಬಳಿ, ನೀರು ಆಳವಾಗಿರುತ್ತದೆ. ಅದಕ್ಕೆ ಎದುರಾಗಿ, ಕಾಲುವೆ ಬಂದು ಸೇರುವ ಕಡೆ, ಕೆರೆಯಂಗಳ ಇಳಿಜಾರಾಗಿ ಹರಡಿಕೊಂಡು ಜೊಂಡು ಬೆಳೆದಿರುತ್ತದೆ. ನಿಮ್ಮ ಜಾಗ ಅದೇ. ಕಾಲುವೆಯ ಬಾಯಿ, ಜೊಂಡಿನ ಅಂಚು, ಅಂತರಗಂಗೆಯ ಹಾಸಿನ ನೆರಳು, ದನಗಳು ನೀರಿಗಿಳಿಯುವ ದಾರಿ, ಹಳೆಯ ಮರದ ಬೊಡ್ಡೆ ಇವುಗಳ ಸುತ್ತ ಗೆಂಡೆ ಮೇಯುತ್ತದೆ.

ಗಾಳವನ್ನು ಬಿಚ್ಚದೆ ಕಾಲು ಗಂಟೆ ಸುಮ್ಮನೆ ನೋಡಿ. ತಳದಿಂದ ಒಂದೇ ಕಡೆ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು, ನಿಧಾನವಾಗಿ ಮುಂದೆ ಸಾಗುತ್ತಿದ್ದರೆ ಅಲ್ಲೊಂದು ಮೀನು ಕೆಸರು ಕೆದಕುತ್ತಿದೆ. ಗುಳ್ಳೆ ಒಂದೇ ಜಾಗದಲ್ಲಿ ಬಿಟ್ಟು ಬಿಟ್ಟು ಏಳುತ್ತಿದ್ದರೆ ಅದು ಕೊಳೆತ ಹೂಳಿನ ಅನಿಲವಷ್ಟೆ. ಗಾಳಿಯಿಲ್ಲದೆಯೂ ಜೊಂಡಿನ ಒಂದು ದಂಟು ಅಲುಗಾಡಿದರೆ, ತಿಳಿನೀರಿನ ನಡುವೆ ಟೀ ಬಣ್ಣದ ಮೋಡದಂತೆ ಕದಡಿದ್ದು ಕಂಡರೆ, ಅವೂ ಮೀನಿನ ಗುರುತುಗಳು. ನೀರಿನ ಹೊಳಪನ್ನು ಕತ್ತರಿಸುವ ಪೋಲರಾಯ್ಡ್ ಕನ್ನಡಕ ಈ ಕೆಲಸಕ್ಕೆ ಬಹಳ ಸಹಾಯಕ. ನನ್ನ ಅಭಿಪ್ರಾಯದಲ್ಲಿ ದುಬಾರಿ ರೀಲಿಗಿಂತ ಅದಕ್ಕೆ ದುಡ್ಡು ಹಾಕುವುದು ಲೇಸು.

ಹೊತ್ತಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ನಸುಕಿನಲ್ಲೇ ಹೋಗಬೇಕು ಎಂದು ಎಲ್ಲರೂ ಹೇಳುತ್ತಾರೆ. ತಿಳಿನೀರಿನ ಕೆರೆಗಳಿಗೆ ಅದು ಸರಿ. ಆದರೆ ಕೊಳಚೆ ಸೇರಿ ಹಸಿರುಗಟ್ಟಿದ ಕೆರೆಗಳಲ್ಲಿ ಪಾಚಿಯು ರಾತ್ರಿಯಿಡೀ ನೀರಿನ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಸೂರ್ಯೋದಯದ ಹೊತ್ತಿಗೆ ಅದು ಅತ್ಯಂತ ಕಡಿಮೆಯಾಗಿರುತ್ತದೆ. ಆಗ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುವುದನ್ನು ಕಂಡು ಹಸಿದಿವೆ ಎಂದುಕೊಳ್ಳಬೇಡಿ. ಅವು ಉಸಿರಿಗಾಗಿ ಒದ್ದಾಡುತ್ತಿವೆ, ಎರೆ ಮುಟ್ಟುವುದಿಲ್ಲ. ಅಂಥ ಕೆರೆಯಲ್ಲಿ ಬಿಸಿಲು ಬಿದ್ದು ಒಂದೆರಡು ಗಂಟೆ ಕಳೆದ ಮೇಲೆ ಕುಳಿತುಕೊಳ್ಳುವುದು ಜಾಣತನ. ಡಿಸೆಂಬರ್, ಜನವರಿಯ ಚಳಿಯಲ್ಲೂ ಹೀಗೆಯೇ: ತೆಳುನೀರು ಬೆಚ್ಚಗಾಗುವವರೆಗೆ, ಅಂದರೆ ಒಂಬತ್ತು ಹತ್ತು ಗಂಟೆಯವರೆಗೆ, ಮೀನು ದಡಕ್ಕೆ ಬರುವುದು ಕಡಿಮೆ. ಮಾರ್ಚಿನಿಂದ ಮೇ ತನಕ ಮಧ್ಯಾಹ್ನ ದಡದ ನೀರು ಕಾಯುವುದರಿಂದ ಸಂಜೆ ನಾಲ್ಕೂವರೆಯ ನಂತರವೇ ಒಳ್ಳೆಯದು, ಆದರೆ ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳಿದ ತಕ್ಷಣ ಕೋಲು ಕೆಳಗಿಟ್ಟು ಬಯಲಿನಿಂದ ಹೊರಡಬೇಕು. ಕಾರ್ಬನ್ ಕೋಲಿನಲ್ಲಿ ವಿದ್ಯುತ್ ಹರಿಯುತ್ತದೆ. ಕೆರೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳ ಕೆಳಗೆ ಅದನ್ನು ಎತ್ತುವುದೂ ಅಷ್ಟೇ ಅಪಾಯ.

ಗಾಳಿಯನ್ನೂ ಗಮನಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಂಗಳೂರಿನಲ್ಲಿ ಪಶ್ಚಿಮದ ಗಾಳಿ ಬಲವಾಗಿರುತ್ತದೆ. ಮೇಲ್ಪದರದ ಬೆಚ್ಚನೆಯ ನೀರೂ, ತೇಲುವ ಕಸಕಡ್ಡಿ, ಹುಳುಗಳೂ ಪೂರ್ವದ ದಡಕ್ಕೆ ಹೋಗಿ ಸೇರುತ್ತವೆ, ಮೀನೂ ಅವುಗಳ ಹಿಂದೆ ಹೋಗುತ್ತದೆ. ಗಾಳಿ ಮುಖಕ್ಕೆ ಹೊಡೆಯುವ ದಡದಲ್ಲಿ ಕೂರುವುದು ಹಿತವಲ್ಲ, ಆದರೆ ಮೀನು ಇರುವುದು ಅಲ್ಲಿ. ಮೊದಲ ಮಳೆಗೆ ಕಾಲುವೆಯಲ್ಲಿ ಹೊಸನೀರು ಬಂದ ಮರುದಿನ ಕಾಲುವೆಯ ಬಾಯಿಯೂ ಒಳ್ಳೆಯ ಜಾಗ. ಜೊಂಡಿನ ನಡುವೆ ಮೀನುಗಳು ಗುಂಪಾಗಿ ಒಂದರ ಮೈಮೇಲೊಂದು ಬಿದ್ದು ನೀರು ಚಿಮ್ಮಿಸುತ್ತಿದ್ದರೆ ಅದು ಮೊಟ್ಟೆಯಿಡುವ ಸಮಯ. ಅವು ಎರೆ ತಿನ್ನುವುದಿಲ್ಲ, ನೀವೂ ಅವುಗಳ ತಂಟೆಗೆ ಹೋಗಬಾರದು.

ಎಚ್ಚರಿಕೆ: ನೀರು ಮೊಣಕಾಲುದ್ದ ಕಾಣುತ್ತದೆಂದು ಅದರಲ್ಲಿ ಇಳಿಯಬೇಡಿ. ಕೆರೆಯಂಗಳದಲ್ಲಿ ಇಟ್ಟಿಗೆಗೆ, ತೋಟಕ್ಕೆ ಮಣ್ಣು ತೆಗೆದ ಗುಂಡಿಗಳಿರುತ್ತವೆ, ಅವುಗಳ ಮೇಲೆ ಹೂಳು ತುಂಬಿ ನೆಲದಂತೆಯೇ ಕಾಣುತ್ತದೆ. ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಹಾವು ಇರಬಹುದು, ಆದುದರಿಂದ ಕೂರುವ ಜಾಗವನ್ನು ಕೋಲಿನಿಂದ ಸರಿಸಿ ನೋಡಿ. ಕಾಲಿನಲ್ಲಿ ಗಾಯವಿದ್ದರೆ ಕೆರೆಯ ನೀರು ತಾಗದಂತೆ ಮುಚ್ಚಿಕೊಳ್ಳಿ; ಇಲಿ ಜ್ವರ ಹರಡುವುದು ಇಂಥ ನೀರಿನಿಂದಲೇ.

ಹಂತ 3: ಸಲಕರಣೆ

ಕೋಲು. ಎಂಟರಿಂದ ಹತ್ತಡಿಯ, ತುದಿ ಬಾಗುವ, ಹಗುರವಾದ ಕೋಲು ಸಾಕು. ರೀಲ್ ಇಲ್ಲದ ಹನ್ನೆರಡಡಿಯ ಬಿದಿರು ಕೋಲೂ ಜೊಂಡಿನಂಚಿಗೆ ಚೆನ್ನಾಗಿಯೇ ನಡೆಯುತ್ತದೆ, ಆದರೆ ಎರಡು ಕಿಲೋ ದಾಟಿದ ಮೀನು ಓಡಿದಾಗ ಬಿಟ್ಟುಕೊಡಲು ದಾರ ಇರುವುದಿಲ್ಲ. ಹೊಸಬರು ರೀಲ್ ಇರುವುದನ್ನೇ ಕೊಳ್ಳಲಿ.

ರೀಲ್. 2500 ಅಥವಾ 3000 ಅಳತೆಯ ಸಾಧಾರಣ ಸ್ಪಿನ್ನಿಂಗ್ ರೀಲ್. ಅದರಲ್ಲಿ ನೋಡಬೇಕಾದುದು ಒಂದೇ, ಡ್ರ್ಯಾಗ್ ನುಣುಪಾಗಿ ಜಾರಬೇಕು. ಡ್ರ್ಯಾಗ್ ಎಂದರೆ ಮೀನು ಜೋರಾಗಿ ಎಳೆದಾಗ ದಾರ ತುಂಡಾಗದಂತೆ ತಾನಾಗಿ ಬಿಟ್ಟುಕೊಡುವ ಬಿಗಿತದ ತಿರುಪು.

ದಾರ. ನೈಲಾನಿನ ಒಂಟಿ ಎಳೆಯದ್ದು, ಅಂಗಡಿಯಲ್ಲಿ ತಂಗೂಸಿ ಎಂದು ಕೇಳಿದರೂ ಕೊಡುತ್ತಾರೆ. 0.22ರಿಂದ 0.28 ಮಿಲಿಮೀಟರ್ ದಪ್ಪದ್ದು, ಸುಮಾರು 3ರಿಂದ 5 ಕಿಲೋ ತಡೆಯುವಂಥದ್ದು ತೆಗೆದುಕೊಳ್ಳಿ. ತಳದ ಮಣ್ಣಿನ ಬಣ್ಣಕ್ಕೆ ಹತ್ತಿರದ ಕಂದು ಅಥವಾ ಮಾಸಲು ಹಸಿರು ಒಳ್ಳೆಯದು. ಹೆಣೆದ ದಾರ ಗಟ್ಟಿಯೇ ಹೌದು, ಆದರೆ ಅದು ಹಿಗ್ಗುವುದಿಲ್ಲ, ನೀರಿನಲ್ಲಿ ತೇಲುತ್ತದೆ, ಮೀನಿನ ಕಣ್ಣಿಗೂ ಬೀಳುತ್ತದೆ, ತೆಳುನೀರಿಗೆ ಬೇಡ. ತಂಗೂಸಿಯೂ ಹೊಸದಾಗಿದ್ದಾಗ ಸ್ವಲ್ಪ ತೇಲುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೊದಲ ಇಪ್ಪತ್ತು ಮೀಟರನ್ನು ಒರೆಸಿದರೆ ಮುಳುಗುತ್ತದೆ.

ಕೊಕ್ಕೆ. ಕೊಕ್ಕೆಗಳ ಅಳತೆಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು. ಒಂದು ಕಾಳು ಮೆಕ್ಕೆಜೋಳಕ್ಕೆ 10, ಎರಡು ಕಾಳಿಗೆ ಅಥವಾ ಹಿಟ್ಟಿನ ಉಂಡೆಗೆ 8, ಬ್ರೆಡ್ಡಿಗೆ 6. ಇವು ಮೂರು ಸಾಕು. ತುದಿಯ ಹಿಂದಿರುವ ಪುಟ್ಟ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ದಾರ ಬಿಗಿಯಾಗಿ ಹಿಡಿದರೆ ಮೀನು ತಪ್ಪುವುದಿಲ್ಲ, ಬಿಡಿಸುವಾಗ ಬಾಯಿಯೂ ಹರಿಯುವುದಿಲ್ಲ, ನಿಮ್ಮ ಬೆರಳಿಗೆ ಚುಚ್ಚಿದರೆ ಆಸ್ಪತ್ರೆಗೆ ಓಡಬೇಕಾಗಿಯೂ ಇಲ್ಲ.

ಕಟ್ಟುವಾಗ ದಾರವನ್ನು ಜೋಡಿಸಿ ಮಡಚಿ, ಆ ಮಡಿಕೆಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಸಾದಾ ಗಂಟು ಹಾಕಿ, ಉಳಿದ ಕುಣಿಕೆಯೊಳಗಿಂದ ಕೊಕ್ಕೆಯನ್ನೇ ದಾಟಿಸಿ ಎಳೆಯಿರಿ. ಬಿಗಿಯುವ ಮುನ್ನ ಎಂಜಲಿನಿಂದ ಒದ್ದೆ ಮಾಡಬೇಕು. ಒಣ ಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ದಾರವನ್ನು ದುರ್ಬಲಗೊಳಿಸುತ್ತದೆ.

ಬೆಂಡು. ನೀರಿನ ಮೇಲೆ ತೇಲುತ್ತ, ಮೀನು ಎರೆ ಮುಟ್ಟಿದ್ದನ್ನು ತೋರಿಸುವುದು ಇದು. ಅಂಗಡಿಯ ಬಣ್ಣದ ಪ್ಲಾಸ್ಟಿಕ್ ಗುಂಡುಗಳು ನೀರಿಗೆ ಬಿದ್ದಾಗ ಮಾಡುವ ಸದ್ದೇ ಸಾಕು ಮೀನು ಓಡಿಸಲು. ಪೆನ್ನಿನ ರೀಫಿಲ್ಲಿನಷ್ಟು ಸಪೂರವಾದ, ಆರೇಳು ಸೆಂಟಿಮೀಟರ್ ಉದ್ದದ ಕಡ್ಡಿ ಬೆಂಡು ಬೇಕು. ಒಣಗಿದ ಜೋಳದ ದಂಟಿನ ತಿರುಳನ್ನು ಕೆತ್ತಿಯೂ ಮಾಡಿಕೊಳ್ಳಬಹುದು. ಅದರ ಕೆಳತುದಿಯನ್ನು ಮಾತ್ರ ಸೈಕಲ್ಲಿನ ವಾಲ್ವ್ ಟ್ಯೂಬಿನ ಒಂದು ಚೂರಿನಿಂದ ದಾರಕ್ಕೆ ಸಿಕ್ಕಿಸಿ. ಟ್ಯೂಬನ್ನು ಮೇಲೆ ಕೆಳಗೆ ಸರಿಸಿ ಆಳ ಹೊಂದಿಸಬಹುದು.

ಸೀಸ. ಎರೆಯನ್ನು ತಳಕ್ಕೆ ಇಳಿಸುವ ಭಾರ. ಸೀಳಿರುವ ಒಂದು ಸಣ್ಣ ಸೀಸದ ಕಾಳು, ಅಷ್ಟೇ. ಅದನ್ನು ಹಲ್ಲಿನಿಂದ ಕಚ್ಚಿ ಮುಚ್ಚುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಸೀಸ ವಿಷ.

ಹಿಟ್ಟು ಮೆತ್ತಿ ಐದಾರು ಕೊಕ್ಕೆಗಳನ್ನು ಸುತ್ತ ಇಳಿಬಿಡುವ ಸ್ಪ್ರಿಂಗ್ ನಮ್ಮ ಕಡೆ ಬಹಳ ಜನಪ್ರಿಯ. ಅದನ್ನು ಮನೆಯಲ್ಲೇ ಬಿಟ್ಟುಬನ್ನಿ. ಆಳದಲ್ಲಿ ಅದರ ಉಪಯೋಗವಿದೆ. ಎರಡಡಿ ನೀರಿನಲ್ಲಿ ಅದು ಬಿದ್ದ ಸದ್ದಿಗೆ ಇಡೀ ದಡ ಅರ್ಧ ಗಂಟೆ ಖಾಲಿಯಾಗುತ್ತದೆ. ಅದೂ ಅಲ್ಲದೆ ಅದರ ಬಿಡಿ ಕೊಕ್ಕೆಗಳು ಮೀನಿನ ಹೊಟ್ಟೆಗೆ, ಕಣ್ಣಿಗೆ ಸಿಕ್ಕಿಕೊಳ್ಳುತ್ತವೆ.

ಇವುಗಳ ಜೊತೆಗೆ ಉದ್ದ ಹಿಡಿಯ ಕೈಬಲೆ, ಕೊಕ್ಕೆ ಬಿಡಿಸುವ ಸಪೂರ ಇಕ್ಕಳ, ಒಂದು ಗೋಣಿಚೀಲ ಇರಲಿ. ಗೋಣಿಯ ಉಪಯೋಗ ಕೊನೆಯ ಹಂತದಲ್ಲಿ ಬರುತ್ತದೆ.

ಹಂತ 4: ಎರೆ

ಮೆಕ್ಕೆಜೋಳ. ಹೊಸಬರಿಗೆ ನಾನು ಮೊದಲು ಹೇಳುವ ಎರೆ ಇದು. ಸ್ವೀಟ್ ಕಾರ್ನನ್ನು ಐದು ನಿಮಿಷ ಬೇಯಿಸಿದರೆ ಸಾಕು. ಒಣ ಮೆಕ್ಕೆಜೋಳವಾದರೆ ಇಡೀ ಒಂದು ದಿನ ನೆನೆಸಿ, ಸಿಪ್ಪೆ ಬಿರಿಯುವ ತನಕ ಬೇಯಿಸಿ; ಅರೆಬೆಂದ ಕಾಳು ಮೀನಿನ ಹೊಟ್ಟೆಯಲ್ಲಿ ಉಬ್ಬುತ್ತದೆ. ಕಡಲೆಯನ್ನೂ ಹೀಗೆಯೇ ನೆನೆಸಿ ಬೇಯಿಸಬೇಕು. ಕಾಳಿನ ಸಿಪ್ಪೆಯನ್ನಷ್ಟೇ ಚುಚ್ಚಿ, ಕೊಕ್ಕೆಯ ತುದಿ ಹೊರಗೆ ಕಾಣುವಂತೆ ಬಿಡಿ.

ಹಿಟ್ಟಿನ ಉಂಡೆ. ಎರಡು ಬಟ್ಟಲು ಗೋಧಿ ಹಿಟ್ಟು, ಒಂದು ಬಟ್ಟಲು ಹುರಿಗಡಲೆ ಹಿಟ್ಟು, ಅರ್ಧ ಬಟ್ಟಲು ಪುಡಿ ಮಾಡಿದ ಕಡಲೆಕಾಯಿ ಹಿಂಡಿ. ಹಿಂಡಿ ಎಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಗಟ್ಟಿ. ಗಾಣದಲ್ಲಿ ಅಥವಾ ದನದ ಮೇವಿನ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೋಟ ನೀರಿಗೆ ನಿಂಬೆಗಾತ್ರದ ಬೆಲ್ಲ ಕರಗಿಸಿ ಕುದಿಸಿ, ಹಿಟ್ಟು ಸುರಿದು, ರಾಗಿ ಮುದ್ದೆಗೆ ತಿರುವುವಂತೆ ಕೋಲಿನಿಂದ ತಿರುವಿ, ಉಗುರುಬೆಚ್ಚಗಾದಾಗ ನಾದಿ. ಬಿಗಿಯಾದರೆ ಬಿಸಿನೀರು, ಸಡಿಲವಾದರೆ ಹಿಟ್ಟು ಸೇರಿಸಿ ಹದ ಮಾಡಿಕೊಳ್ಳಿ. ಮನೆಯಿಂದ ಹೊರಡುವ ಮುಂಚೆ ಪರೀಕ್ಷೆ ಮಾಡಿ: ಕೊಕ್ಕೆಗೆ ಕಡಲೆಗಾತ್ರದ ಉಂಡೆ ಸಿಕ್ಕಿಸಿ ಒಂದು ಲೋಟ ನೀರಿನಲ್ಲಿ ಇಳಿಬಿಡಿ. ಹತ್ತು ನಿಮಿಷದಲ್ಲಿ ಅಂಚು ಮೆದುವಾಗಿ ಸ್ವಲ್ಪ ಪುಡಿ ಉದುರಬೇಕು, ಉಂಡೆ ಮಾತ್ರ ಕೊಕ್ಕೆಯಲ್ಲೇ ಉಳಿಯಬೇಕು. ಎರಡು ನಿಮಿಷದಲ್ಲಿ ಬಿದ್ದುಹೋದರೆ ಹಿಟ್ಟು ಸಡಿಲ. ಹತ್ತು ನಿಮಿಷವಾದರೂ ಕಲ್ಲಿನಂತಿದ್ದರೆ ಕೊಕ್ಕೆಯ ತುದಿ ಅದರೊಳಗಿಂದ ಹೊರಬರುವುದಿಲ್ಲ. ಬರಿಯ ರಾಗಿ ಮುದ್ದೆಯನ್ನೂ ಹಾಕಬಹುದು, ಆದರೆ ಅದು ಎರಡನೆಯ ತಪ್ಪಿನ ಕಡೆಗೆ ವಾಲುತ್ತದೆ. ಸ್ವಲ್ಪ ಹಿಂಡಿ ಬೆರೆಸಿದರೆ ಸರಿಹೋಗುತ್ತದೆ.

ವೆನಿಲ್ಲಾ, ಸೋಂಪು, ಏಲಕ್ಕಿ, ಏನೇನೋ ಗುಟ್ಟಿನ ಎಣ್ಣೆಗಳ ಬಗ್ಗೆ ಕೇಳುತ್ತೀರಿ. ಒಂದು ಚಿಟಿಕೆ ಸೋಂಪು ಪುಡಿ ಹಾಕಿದರೆ ಕೆಡುಕೇನಿಲ್ಲ. ಬಾಟಲಿಗಟ್ಟಲೆ ಸುರಿಯುವುದು ಅಂಗಡಿಯವನಿಗೆ ಲಾಭ.

ಬ್ರೆಡ್. ತಾಜಾ ಬ್ರೆಡ್ಡಿನ ಮೆದುಭಾಗವನ್ನು ಹರಿದು ಕೊಕ್ಕೆಯ ಹಿಡಿಯ ಸುತ್ತ ಮಾತ್ರ ಒತ್ತಿ, ಉಳಿದದ್ದನ್ನು ಅರಳಿದಂತೆಯೇ ಬಿಡಿ. ಗಟ್ಟಿ ಅಂಚನ್ನು ಸೀಸ, ಬೆಂಡು ಏನೂ ಇಲ್ಲದೆ ತೇಲಿಬಿಟ್ಟರೆ ಹುಲ್ಲುಗೆಂಡೆಯೂ ಕೆಲವೊಮ್ಮೆ ಕಾಟ್ಲಾವೂ ಮೇಲೆ ಬಂದು ತೆಗೆದುಕೊಳ್ಳುತ್ತವೆ.

ಎರೆಹುಳು. ಗೆಂಡೆಗೆ ಪ್ರಿಯವೇ, ಆದರೆ ನಮ್ಮ ಕೆರೆಗಳಲ್ಲಿ ಜಿಲೇಬಿ ಮೀನಿನ (ತಿಲಾಪಿಯಾ) ಕಾಟ ಎಷ್ಟಿದೆಯೆಂದರೆ ಗೆಂಡೆಗೆ ಸರದಿ ಬರುವುದೇ ಇಲ್ಲ. ಹೊಸನೀರು ಬಂದ ಕಾಲದಲ್ಲಿ ಕಾಲುವೆಯ ಬಾಯಲ್ಲಿ ಮಾತ್ರ ನಾನು ಇದನ್ನು ಸೂಚಿಸುತ್ತೇನೆ. ಹಿಟ್ಟಿಗೂ ಜಿಲೇಬಿ ಮುತ್ತಿದರೆ ಬೆಂದ ಕಡಲೆಗೆ ಬದಲಾಯಿಸಿ, ಅದು ಸಣ್ಣ ಬಾಯಿಗಳಿಗೆ ಹಿಡಿಸುವುದಿಲ್ಲ.

ಹಂತ 5: ಮೇವು ಚೆಲ್ಲುವುದು

ಮೀನನ್ನು ಒಂದು ಜಾಗಕ್ಕೆ ಸೆಳೆದು ನಿಲ್ಲಿಸಲು ಚೆಲ್ಲುವ ತಿನಿಸೇ ಮೇವು. ಒಂದು ಭಾಗ ಕಡಲೆಕಾಯಿ ಹಿಂಡಿಯ ಪುಡಿ, ಎರಡು ಭಾಗ ಅಕ್ಕಿ ತೌಡು, ಹತ್ತಿಪ್ಪತ್ತು ಕಾಳು ಮೆಕ್ಕೆಜೋಳ. ಮುಷ್ಟಿಯಲ್ಲಿ ಒತ್ತಿದರೆ ನಿಲ್ಲುವಷ್ಟು, ತಾಗಿದರೆ ಒಡೆಯುವಷ್ಟು ನೀರು ಚಿಮುಕಿಸಿ.

ಇಲ್ಲಿ ಆಗುವ ತಪ್ಪು ಪ್ರಮಾಣದ್ದು. ಕಿಲೋಗಟ್ಟಲೆ ಉಂಡೆಗಳನ್ನು ದಢದಢನೆ ಎಸೆದರೆ ಮೊದಲು ಮೀನು ಓಡುತ್ತದೆ, ಆಮೇಲೆ ಬಂದರೂ ಆ ರಾಶಿಯ ನಡುವೆ ನಿಮ್ಮ ಒಂದು ಕಾಳನ್ನು ಹುಡುಕುವ ಅಗತ್ಯ ಅದಕ್ಕಿರುವುದಿಲ್ಲ, ಉಳಿದದ್ದು ಕೊಳೆತು ಮೊದಲೇ ಸೊರಗಿದ ನೀರಿನ ಆಮ್ಲಜನಕವನ್ನು ಇನ್ನಷ್ಟು ತಿನ್ನುತ್ತದೆ. ಒಂದೊಂದು ಹಿಡಿಯಂತೆ ಮೂರು ಜಾಗಗಳಲ್ಲಿ, ಒಂದರಿಂದ ಇನ್ನೊಂದಕ್ಕೆ ಹತ್ತು ಹದಿನೈದು ಹೆಜ್ಜೆ ಬಿಟ್ಟು, ನೀರಿನ ಮಟ್ಟಕ್ಕೆ ಕೈ ತಗ್ಗಿಸಿ ಜಾರಿಸಿ. ನಂತರ ದೂರ ಸರಿದು ಕಾಯಿರಿ. ಎಲ್ಲಿ ಮೊದಲು ಗುಳ್ಳೆ ಏಳುತ್ತದೋ ಅಲ್ಲಿಗೆ ಮೆಲ್ಲನೆ ಹೋಗಿ. ಒಂದು ಮೀನು ಹಿಡಿದ ಮೇಲೆ ಆ ಜಾಗಕ್ಕೆ ಮತ್ತೊಂದು ಹಿಡಿ ಹಾಕಿ ಮುಂದಿನದಕ್ಕೆ ಸರಿಯಿರಿ.

ಹಂತ 6: ಗಾಳ ಇಡುವುದು

ನೀರಿನಂಚಿನಿಂದ ನಾಲ್ಕೈದು ಹೆಜ್ಜೆ ಹಿಂದೆ, ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ, ತಗ್ಗಿ ಕುಳಿತುಕೊಳ್ಳಿ. ಬಿಳಿ ಅಂಗಿ ಬೇಡ.

ಸೀಸದ ಕಾಳನ್ನು ಕೊಕ್ಕೆಯಿಂದ ಆರರಿಂದ ಎಂಟು ಸೆಂಟಿಮೀಟರ್ ಮೇಲೆ ಕಟ್ಟಿ. ಬೆಂಡನ್ನು ನೀರಿನ ಆಳಕ್ಕಿಂತ ಸುಮಾರು ಅರ್ಧ ಗೇಣು ಹೆಚ್ಚಿಗೆ ಇರುವಂತೆ ಸರಿಸಿ. ಅರವತ್ತು ಸೆಂಟಿಮೀಟರ್ ನೀರಾದರೆ ಕೊಕ್ಕೆಯಿಂದ ಎಪ್ಪತ್ತು, ಎಪ್ಪತ್ತೈದಕ್ಕೆ. ಮೀನು ಕಂಡ ಜಾಗಕ್ಕೇ ಎಸೆಯಬೇಡಿ. ಅದಕ್ಕಿಂತ ಎರಡು ಮೀಟರ್ ಆಚೆಗೆ ಎಸೆದು, ನಿಧಾನವಾಗಿ ಎಳೆದು ತಂದು, ಅಲ್ಲಿ ಇಳಿಬಿಡಿ. ಕೋಲಿನ ತುದಿಯನ್ನು ನೀರಿನೊಳಗೆ ಅದ್ದಿ, ದಾರ ಪೂರ್ತಿ ಮುಳುಗಿದ ಮೇಲೆ ರೀಲನ್ನು ಸ್ವಲ್ಪ ಸ್ವಲ್ಪ ಸುತ್ತುತ್ತ ಬನ್ನಿ. ಸೀಸದ ಕಾಳು ತಳದಲ್ಲಿ ಕೂತಿರುವುದರಿಂದ ದಾರ ಬಿಗಿಯಾದಂತೆ ಅಡ್ಡ ಮಲಗಿದ್ದ ಬೆಂಡು ಎದ್ದು ನಿಲ್ಲುತ್ತದೆ. ತುದಿ ಒಂದು ಸೆಂಟಿಮೀಟರ್ ಮಾತ್ರ ಕಾಣುತ್ತಿರುವಾಗ ನಿಲ್ಲಿಸಿ, ಕೋಲನ್ನು ಕವಲುಕಡ್ಡಿಯ ಮೇಲಿಡಿ, ಕೈ ಮಾತ್ರ ಅದರ ಮೇಲೇ ಇರಲಿ.

ಈಗ ನೋಡಬೇಕಾದದ್ದು ಬೆಂಡು ಮುಳುಗುವುದನ್ನಲ್ಲ. ಗೆಂಡೆ ತಲೆ ತಗ್ಗಿಸಿ ಎರೆಯನ್ನು ಹೀರಿ, ಮೈ ಸಮ ಮಾಡಿಕೊಳ್ಳುವಾಗ ಸೀಸದ ಕಾಳನ್ನೂ ತಳದಿಂದ ಎತ್ತುತ್ತದೆ. ಭಾರ ತಪ್ಪಿದ ಬೆಂಡು ಒಂದೆರಡು ಬಾರಿ ನಡುಗಿ, ಬುಡದ ತನಕ ಮೇಲೆದ್ದು, ಪಕ್ಕಕ್ಕೆ ವಾಲಿ ಮಲಗುತ್ತದೆ. ಆ ಮೇಲೇಳುವಿಕೆಯೇ ನಿಮ್ಮ ಸೂಚನೆ. ಮುಳುಗುವ ತನಕ ಕಾದವರ ಕೊಕ್ಕೆಯಿಂದ ಮೀನು ಆಗಲೇ ಎರೆ ಉಗುಳಿ ಹೋಗಿರುತ್ತದೆ. ಬೆಂಡು ಏನೂ ಮೇಲೇಳದೆ ಸರ್ರನೆ ಪಕ್ಕಕ್ಕೆ ಜಾರಿ ಮತ್ತೆ ನಿಂತರೆ, ಅದು ಮೀನಿನ ಮೈಯೋ ರೆಕ್ಕೆಯೋ ದಾರಕ್ಕೆ ತಾಗಿದ್ದು. ಆಗ ಎಳೆದರೆ ಮೈಗೆ ಕೊಕ್ಕೆ ಸಿಕ್ಕುತ್ತದೆ, ಇಲ್ಲವೇ ಇಡೀ ಹಿಂಡು ಬೆದರುತ್ತದೆ. ಇಂಥ ಸುಳ್ಳು ಸೂಚನೆ ಪದೇ ಪದೇ ಬಂದರೆ ದಾರ ತಳಕ್ಕೆ ಕೂತಿಲ್ಲ ಎಂದರ್ಥ. ಕೋಲಿನ ತುದಿಯನ್ನು ಇನ್ನಷ್ಟು ತಗ್ಗಿಸಿ.

ಹಂತ 7: ಎಳೆಯುವುದು ಮತ್ತು ದಣಿಸುವುದು

ಡ್ರ್ಯಾಗನ್ನು ಮೊದಲೇ ಹೊಂದಿಸಿರಬೇಕು. ಒಂದು ಲೀಟರ್ ನೀರು ತುಂಬಿದ ಬಾಟಲಿಯನ್ನು ದಾರದ ತುದಿಗೆ ಕಟ್ಟಿ, ರೀಲನ್ನೇ ಹಿಡಿದು ನೇರವಾಗಿ ಮೇಲೆತ್ತಿ. ಬಾಟಲಿ ನೆಲ ಬಿಡುವಷ್ಟರಲ್ಲಿ ಡ್ರ್ಯಾಗ್ ಜಾರಲು ತೊಡಗಿದರೆ ಬಿಗಿತ ಸುಮಾರು ಒಂದು ಕಿಲೋ ಇದೆ, ನಾಲ್ಕು ಕಿಲೋ ದಾರಕ್ಕೆ ಅದು ಸರಿ.

ಬೆಂಡು ಎದ್ದಾಗ ಕೋಲನ್ನು ಪಕ್ಕಕ್ಕೆ ಒಮ್ಮೆ ದೃಢವಾಗಿ ಎಳೆದರೆ ಸಾಕು. ತಲೆಯ ಮೇಲೆ ಬೀಸಿ ಜಗ್ಗಿದರೆ ತೆಳುನೀರಿನಲ್ಲಿ ಕೊಕ್ಕೆ, ಸೀಸ ಎಲ್ಲವೂ ಮುಖಕ್ಕೇ ಹಾರಿಬರುತ್ತವೆ. ಇಲ್ಲಿ ಮೀನಿಗೆ ಕೆಳಕ್ಕೆ ಮುಳುಗಲು ಜಾಗವಿಲ್ಲದ ಕಾರಣ ಅದು ಅಡ್ಡಡ್ಡ ಓಡುತ್ತದೆ, ಆ ಮೊದಲ ಓಟ ಬಹಳ ಜೋರಿನದು. ತಡೆಯಬೇಡಿ, ದಾರ ಹೋಗಲಿ. ಜೊಂಡಿನ ಕಡೆ ತಿರುಗಿದರೆ ಕೋಲನ್ನು ನೀರಿಗೆ ಸಮಾನಾಂತರವಾಗಿ ತಗ್ಗಿಸಿ ಎದುರು ದಿಕ್ಕಿಗೆ ಬಾಗಿಸಿ, ಮೀನಿನ ತಲೆ ತಿರುಗುತ್ತದೆ. ಸಾಮಾನ್ಯ ಗೆಂಡೆಯ ಬೆನ್ನು ರೆಕ್ಕೆಯ ಮುಂದೆ ಗರಗಸದಂತಹ ಮುಳ್ಳೊಂದಿದೆ, ಸಡಿಲ ದಾರ ಅದಕ್ಕೆ ಸುತ್ತಿಕೊಂಡರೆ ಕತ್ತರಿಸಿಹೋಗುತ್ತದೆ, ಆದುದರಿಂದ ದಾರ ಸದಾ ಬಿಗಿಯಾಗಿರಬೇಕು.

ಬಲೆಯನ್ನು ಮೀನಿನ ಹಿಂದೆ ಓಡಿಸಬೇಡಿ. ಮೊದಲೇ ನೀರಿನೊಳಗೆ ಮುಳುಗಿಸಿ ಹಿಡಿದು, ಪಕ್ಕಕ್ಕೆ ಮಲಗಿದ ಮೀನನ್ನು ಅದರ ಮೇಲಕ್ಕೆ ತಂದು ಎತ್ತಬೇಕು.

ಹಂತ 8: ಬಿಡುವುದು, ಒಯ್ಯುವುದು

ಗೋಣಿಚೀಲವನ್ನು ಒದ್ದೆ ಮಾಡಿ ಹಾಸಿ, ಒದ್ದೆ ಕೈಯಿಂದಲೇ ಮೀನು ಮುಟ್ಟಿ. ಒಣ ಕೈ, ಬಿಸಿ ಕಲ್ಲು, ಮರಳು ಇವು ಮೀನಿನ ಮೈಮೇಲಿನ ಲೋಳೆಯನ್ನು ಕಿತ್ತುಹಾಕುತ್ತವೆ, ಆಮೇಲೆ ಬಿಟ್ಟರೂ ಅದಕ್ಕೆ ಸೋಂಕು ತಗಲುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಬಾರದು. ಬಿಡುವಾಗ ನೀರಿನಲ್ಲಿ ನೆಟ್ಟಗೆ ಹಿಡಿದು, ತಾನಾಗಿ ಕೈಯಿಂದ ಜಾರುವ ತನಕ ಕಾಯಿರಿ.

ತುಂಡಾದ ದಾರವನ್ನು ಒಂದು ಗೇಣೂ ಬಿಡದೆ ಸುತ್ತಿ ಮನೆಗೆ ತನ್ನಿ. ನಮ್ಮ ಕೆರೆಗಳಲ್ಲಿ ಹೆಜ್ಜಾರ್ಲೆ, ನೀರುಕಾಗೆಗಳ ಕಾಲಿಗೆ, ಕೊಕ್ಕಿಗೆ ಸುತ್ತಿಕೊಳ್ಳುವುದು ಇದೇ ತಂಗೂಸಿ.

ತ್ಯಾಜ್ಯ ನೀರು ಸೇರುವ ನಗರದ ಕೆರೆಗಳ ಮೀನನ್ನು ತಿನ್ನಬಹುದೇ ಎಂದೂ ಕೇಳುತ್ತೀರಿ. ತಿನ್ನದಿರುವುದೇ ಲೇಸು ಎಂಬುದು ನನ್ನ ಉತ್ತರ. ಕೈಗಾರಿಕೆಗಳ ಹೊಲಸಿನಲ್ಲಿರುವ ಭಾರಲೋಹಗಳು ತಳದ ಹೂಳಿನಲ್ಲಿ ಕೂರುತ್ತವೆ, ಗೆಂಡೆ ಮೇಯುವುದು ಆ ಹೂಳನ್ನೇ. ಬೇಯಿಸಿದರೆ ಅವು ಹೋಗುವುದಿಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ನೆನಪಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರಾಚೆಯ, ಮಳೆನೀರಷ್ಟೇ ತುಂಬುವ ಕೆರೆಯ ಮೀನಾದರೆ ಒಯ್ಯಬಹುದು. ಅದರಲ್ಲೂ ಕೆಲವೊಮ್ಮೆ ಹೂಳಿನ ವಾಸನೆ ಇರುತ್ತದೆ. ಅದು ಪಾಚಿ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳಿಂದ ಬರುವಂಥದ್ದು, ಹುಳಿಗೆ ಕರಗುತ್ತದೆ. ಚರ್ಮ ಮತ್ತು ಹೊಟ್ಟೆಯ ಕೊಬ್ಬನ್ನು ತೆಗೆದು, ತುಂಡುಗಳನ್ನು ಹುಣಸೆ ರಸ, ಉಪ್ಪು, ಅರಿಶಿನದಲ್ಲಿ ಅರ್ಧ ಗಂಟೆ ನೆನೆಸಿ ತೊಳೆದು, ಆಮೇಲೆ ಸಾರಿಗೆ ಹಾಕಿ.